ಒಬ್ಬ ರೋಗಿ, ಎರಡು ರಿಜಿಸ್ಟರ್: ಟಿಬಿ ಮತ್ತು ಎಚ್‌ಐವಿ ಜೊತೆಯಾದಾಗ

ನಮ್ಮ ದೇಶದಲ್ಲಿ ಯಾರಿಗಾದರೂ ಟಿಬಿ ಇದೆ ಎಂದು ಗೊತ್ತಾದ ಕೂಡಲೇ ಎಚ್‌ಐವಿ ಪರೀಕ್ಷೆಯನ್ನೂ ಮಾಡಿಸಿಕೊಳ್ಳಲು ಹೇಳುತ್ತಾರೆ. ಕಳೆದ ತಿಂಗಳು ಆರೋಗ್ಯ ಇಲಾಖೆಯ ಆಪ್ತಸಮಾಲೋಚಕರು ನಮ್ಮ ಕಾಲೇಜಿಗೆ ಬಂದಾಗ ಈ ಮಾತು ಹೇಳಿದರು. ಹೆಸರು ಬರೆಯದೆ ಪ್ರಶ್ನೆ ಹಾಕುವ ಪೆಟ್ಟಿಗೆಯಲ್ಲಿ ಒಂದು ಚೀಟಿ ಸಿಕ್ಕಿತು: "ಕೆಮ್ಮಿಗೆ ಹೋದವರಿಗೆ ಆ ಪರೀಕ್ಷೆ ಯಾಕೆ? ಅದು ಅವಮಾನ ಅಲ್ಲವಾ?" ಸಭಾಂಗಣದಲ್ಲಿ ಸುಮಾರು ಜನ ನಕ್ಕರು. ಬೆಲ್ ಆಗುವ ಹೊತ್ತಾಗಿತ್ತು, ಉತ್ತರ ಎರಡೇ ವಾಕ್ಯದಲ್ಲಿ ಮುಗಿಯಿತು. ನನಗೆ ಅದು ಸಾಲಲಿಲ್ಲ. ನಾನು ಕಾಮರ್ಸ್ ವಿದ್ಯಾರ್ಥಿ, ನನ್ನ ಬಯಾಲಜಿ ಎಸ್ಸೆಸ್ಸೆಲ್ಸಿಗೇ ಮುಗಿದಿದೆ. ಹಾಗಾಗಿ ವಿಜ್ಞಾನ ವಿಭಾಗದ ಉಪನ್ಯಾಸಕರ ಬಳಿ ಮೂರ್ನಾಲ್ಕು ದಿನ ಕೂತು ಕೇಳಿ, ಓದಿ, ಅರ್ಥವಾದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನ ವಿಷಯ. ನಮ್ಮ ನಾನಿಮಾ ಟಿಬಿಗೆ 'ದಿಖ್' ಎನ್ನುತ್ತಾರೆ. ಮಕ್ಕಳು ಗಲಾಟೆ ಮಾಡಿದರೂ 'ದಿಖ್ ನಕ್ಕೋ ಕರೋ' ಎಂದೇ ಗದರುತ್ತಾರೆ, ಅಂದರೆ ಕಾಡಬೇಡಿ ಎಂದು. ಕನ್ನಡದಲ್ಲಿ ಕ್ಷಯ ಎಂದರೆ ಸವೆದು ಕಡಿಮೆಯಾಗುತ್ತಾ ಹೋಗುವುದು. ಒಂದು ಭಾಷೆಗೆ ರೋಗದ ಕಾಟ ಕಂಡಿದೆ, ಇನ್ನೊಂದಕ್ಕೆ ಸೊರಗುವ ದೇಹ ಕಂಡಿದೆ. ಆದರೆ ಎಚ್‌ಐವಿಗೆ ನಮ್ಮ ಓಣಿಯಲ್ಲಿ ಎರಡು ಭಾಷೆಯಲ್ಲೂ ಹೆಸರಿಲ್ಲ. 'ವೋ ಬೀಮಾರಿ', 'ಆ ಕಾಯಿಲೆ' ಎಂದು ದನಿ ತಗ್ಗಿಸಿ ಹೇಳುತ್ತಾರೆ. ಒಂದಕ್ಕೆ ಹೆಸರಿದೆ, ಇನ್ನೊಂದಕ್ಕೆ ಇಲ್ಲ. ಎರಡೂ ಒಬ್ಬರಲ್ಲೇ ಬಂದಾಗ ಈ ವ್ಯತ್ಯಾಸವೇ ದೊಡ್ಡ ತೊಂದರೆ ಆಗುತ್ತದೆ ಎಂಬುದು ಓದುತ್ತಾ ಹೋದಂತೆ ನನಗೆ ತಿಳಿಯಿತು.

ಟಿಬಿ ರೋಗಾಣುವನ್ನು ರಾಬರ್ಟ್ ಕಾಖ್ ಎಂಬ ಜರ್ಮನ್ ವಿಜ್ಞಾನಿ 1882ರ ಮಾರ್ಚ್ 24ರಂದು ಜಗತ್ತಿಗೆ ತಿಳಿಸಿದರು. ಅದಕ್ಕೇ ಆ ದಿನ ವಿಶ್ವ ಕ್ಷಯರೋಗ ದಿನ. ಈ ರೋಗಾಣು ಗಾಳಿಯಲ್ಲಿ ಬರುತ್ತದೆ. ಕೆಮ್ಮಿದವರ ಬಾಯಿಂದ ಹೊರಟು ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತಿರುತ್ತದೆ. ಅದನ್ನು ಉಸಿರಾಡಿದವರೆಲ್ಲ ಕಾಯಿಲೆ ಬೀಳುವುದಿಲ್ಲ. ಜಗತ್ತಿನ ಜನರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರ ದೇಹದೊಳಗೆ ಟಿಬಿ ರೋಗಾಣು ಹೊಕ್ಕಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ನನ್ನಲ್ಲೂ ಇರಬಹುದು, ಇದನ್ನು ಓದುತ್ತಿರುವ ನಿಮ್ಮಲ್ಲೂ ಇರಬಹುದು. ನಮಗೆ ಏನೂ ಆಗದಿರುವುದಕ್ಕೆ ಕಾರಣ, ದೇಹದ ರಕ್ಷಣಾ ಕೋಶಗಳು ಅದನ್ನು ಸುತ್ತುವರಿದು ಗೋಡೆ ಕಟ್ಟಿ ಒಳಗೆ ಕೂಡಿಹಾಕುವುದು. ಆ ಗೋಡೆ ಬೀಳದಂತೆ ನೋಡಿಕೊಳ್ಳುವ ಮೇಸ್ತ್ರಿಗಳು ರಕ್ತದಲ್ಲಿರುವ ಸಿಡಿ4 ಎಂಬ ಕೋಶಗಳು.

ಎಚ್‌ಐವಿ ವೈರಾಣು ಹುಡುಕಿ ಕೊಲ್ಲುವುದು ಇದೇ ಸಿಡಿ4 ಕೋಶಗಳನ್ನು. ಮೇಸ್ತ್ರಿಗಳು ಕಡಿಮೆಯಾದಂತೆ ಗೋಡೆ ಬಿರುಕು ಬಿಡುತ್ತದೆ, ಎಷ್ಟೋ ವರ್ಷದಿಂದ ಒಳಗೆ ಮಲಗಿದ್ದ ಟಿಬಿ ಎದ್ದು ಬರುತ್ತದೆ. ಅಷ್ಟೇ ಅಲ್ಲ, ಎದ್ದ ಟಿಬಿಯ ವಿರುದ್ಧ ದೇಹ ಹೋರಾಡಲು ಹೊರಟಾಗ ಆ ಗಡಿಬಿಡಿಯಲ್ಲಿ ಎಚ್‌ಐವಿ ಇನ್ನೂ ಬೇಗ ಹೆಚ್ಚುತ್ತದೆ. ಒಂದು ಇನ್ನೊಂದಕ್ಕೆ ಬಾಗಿಲು ತೆಗೆಯುತ್ತದೆ. ನಮ್ಮ ಕಾಮರ್ಸ್ ಭಾಷೆಯಲ್ಲಿ ಹೇಳುವುದಾದರೆ ಇದು ಬಡ್ಡಿ ದರದ ವ್ಯತ್ಯಾಸ. ರೋಗಾಣು ಹೊಕ್ಕಿರುವ ಆರೋಗ್ಯವಂತರಲ್ಲಿ ಟಿಬಿ ಕಾಯಿಲೆಯಾಗಿ ಏಳುವುದು ನೂರಕ್ಕೆ ಐದರಿಂದ ಹತ್ತು ಜನಕ್ಕೆ, ಅದೂ ಇಡೀ ಜೀವಮಾನದಲ್ಲಿ. ಎಚ್‌ಐವಿ ಇದ್ದು ಔಷಧಿ ಇಲ್ಲದವರಲ್ಲಿ ಹೆಚ್ಚುಕಡಿಮೆ ಅಷ್ಟೇ ಅಪಾಯ ಒಂದೊಂದು ವರ್ಷಕ್ಕೂ ಇರುತ್ತದೆ. ಹತ್ತು ಪರ್ಸೆಂಟ್ ಜೀವಮಾನಕ್ಕೋ ವರ್ಷಕ್ಕೋ ಎಂಬುದು ಎಷ್ಟು ದೊಡ್ಡ ಪ್ರಶ್ನೆ ಎಂದು ಸಾಲ ಮಾಡಿದ ಯಾರನ್ನಾದರೂ ಕೇಳಿ.

2023ರಲ್ಲಿ ಜಗತ್ತಿನಲ್ಲಿ ಟಿಬಿಯಿಂದ ಸುಮಾರು 12.5 ಲಕ್ಷ ಜನ ಸತ್ತರು. ಅವರಲ್ಲಿ 1.61 ಲಕ್ಷ ಜನ ಎಚ್‌ಐವಿಯೂ ಇದ್ದವರು. ಎಚ್‌ಐವಿ ಇರುವವರ ಸಾವಿಗೆ ಅತಿ ದೊಡ್ಡ ಕಾರಣ ಟಿಬಿಯೇ.

ಈ ಎರಡು ರೋಗ ಸೇರಿದರೆ ಏನಾಗಬಹುದು ಎಂದು ಜಗತ್ತು ಬೆಚ್ಚಿಬಿದ್ದು ನೋಡಿದ ಒಂದು ಊರಿದೆ. ದಕ್ಷಿಣ ಆಫ್ರಿಕಾದ ಕ್ವಾಜುಲು-ನಟಾಲ್ ಪ್ರಾಂತ್ಯದ ಟುಗೇಲಾ ಫೆರಿ. (ಗಾಂಧೀಜಿ ವಕೀಲರಾಗಿ ಹೋಗಿ ನೆಲೆಸಿದ್ದು ಇದೇ ನಟಾಲ್ ಪ್ರಾಂತ್ಯದಲ್ಲಿ. ಅಲ್ಲಿಯ ಟಿಬಿ ಅಧ್ಯಯನ ಬರೆದ ವೈದ್ಯರಲ್ಲಿ ಮೊದಲ ಹೆಸರು ನೀಲ್ ಗಾಂಧಿ ಎಂದು ನೋಡಿ ನನಗೆ ಆಶ್ಚರ್ಯವಾಯಿತು.) ಜುಲು ಜನರ ಬಡ ಹಳ್ಳಿಗಳ ನಡುವೆ ಒಂದೇ ಆಸ್ಪತ್ರೆ, ಹೆಸರು ಚರ್ಚ್ ಆಫ್ ಸ್ಕಾಟ್ಲೆಂಡ್ ಆಸ್ಪತ್ರೆ. ಅಲ್ಲಿಗೆ ಬರುವ ಟಿಬಿ ರೋಗಿಗಳಲ್ಲಿ ಹತ್ತರಲ್ಲಿ ಎಂಟು ಜನಕ್ಕೆ ಎಚ್‌ಐವಿಯೂ ಇತ್ತು. 2005ರ ಹೊತ್ತಿಗೆ ವೈದ್ಯರಿಗೆ ಒಂದು ವಿಚಿತ್ರ ಕಂಡಿತು. ಎಚ್‌ಐವಿ ಔಷಧಿ ಚೆನ್ನಾಗಿ ಕೆಲಸ ಮಾಡುತ್ತಿದ್ದವರೂ, ಟಿಬಿ ಮಾತ್ರೆಯನ್ನು ಸರಿಯಾಗಿ ನುಂಗುತ್ತಿದ್ದವರೂ ಸಾಯುತ್ತಿದ್ದರು. ಕಫವನ್ನು ದೂರದ ಪ್ರಯೋಗಾಲಯಕ್ಕೆ ಕಳಿಸಿದರು. 53 ಜನರಲ್ಲಿ ಇದ್ದದ್ದು ಆಗ ಗೊತ್ತಿದ್ದ ಮುಖ್ಯ ಔಷಧಿಗಳಿಗೆ ಬಗ್ಗದ ಟಿಬಿ. ಈ 53 ಜನರಲ್ಲಿ 52 ಜನ ತೀರಿಕೊಂಡರು. ಎಚ್‌ಐವಿ ಪರೀಕ್ಷೆ ಆಗಿದ್ದ 44 ಜನಕ್ಕೂ ಎಚ್‌ಐವಿ ಇತ್ತು.

ಇದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಂಖ್ಯೆ ಬೇರೆ. ಕಫ ತೆಗೆದುಕೊಂಡ ದಿನದಿಂದ ಸಾವಿನವರೆಗಿನ ಅವಧಿ, ಮಧ್ಯಾಂಕ ಲೆಕ್ಕದಲ್ಲಿ, 16 ದಿನ. ಮಧ್ಯಾಂಕ ಎಂದರೆ ಏನೆಂದು ಸ್ಟ್ಯಾಟಿಸ್ಟಿಕ್ಸ್ ಓದುವವರಿಗೆ ಗೊತ್ತು: ಅರ್ಧಕ್ಕರ್ಧ ಜನ ಅದಕ್ಕೂ ಮೊದಲೇ ಹೋದರು. ಯಾವ ಔಷಧಿ ನಾಟುತ್ತದೆ, ಯಾವುದು ನಾಟುವುದಿಲ್ಲ ಎಂದು ತಿಳಿಯಲು ಪ್ರಯೋಗಾಲಯದಲ್ಲಿ ಟಿಬಿ ರೋಗಾಣುವನ್ನು ಬೆಳೆಸಬೇಕು. ಅದು ಬಹಳ ನಿಧಾನವಾಗಿ ಬೆಳೆಯುವ ರೋಗಾಣು, ವಾರಗಟ್ಟಲೆ ಬೇಕು. ರಿಪೋರ್ಟ್ ಬರುವ ಹೊತ್ತಿಗೆ ರೋಗಿ ಇರುತ್ತಿರಲಿಲ್ಲ.

ಮಾಮೂಲಿ ಕಫ ಪರೀಕ್ಷೆಯನ್ನೇ ಯಾಕೆ ನಂಬಬಾರದು ಎಂದು ಕೇಳಬಹುದು. ಅಲ್ಲೇ ಇನ್ನೊಂದು ಮೋಸವಿದೆ. ಸೂಕ್ಷ್ಮದರ್ಶಕದಲ್ಲಿ ಟಿಬಿ ಕಾಣಬೇಕಾದರೆ ಒಂದು ಮಿಲಿಲೀಟರ್ ಕಫದಲ್ಲಿ ಐದರಿಂದ ಹತ್ತು ಸಾವಿರ ರೋಗಾಣು ಇರಬೇಕು. ಅಷ್ಟೊಂದು ರೋಗಾಣು ಬರುವುದು ಶ್ವಾಸಕೋಶದಲ್ಲಿ ಗುಳಿ ಬಿದ್ದಾಗ. ಆ ಗುಳಿ ಬೀಳುವುದಕ್ಕೆ ಕಾರಣ ನಮ್ಮದೇ ರೋಗನಿರೋಧಕ ಶಕ್ತಿ ಜೋರಾಗಿ ಹೋರಾಡುವುದು! ಸಿಡಿ4 ತೀರಾ ಕಡಿಮೆಯಾದವರಲ್ಲಿ ಹೋರಾಟವೇ ಇಲ್ಲ, ಗುಳಿಯೂ ಇಲ್ಲ. ಕಫ ಪರೀಕ್ಷೆ ನೆಗೆಟಿವ್ ಬರುತ್ತದೆ, ಎಕ್ಸ್‌ರೇ ಕೆಲವೊಮ್ಮೆ ಸರಿಯಾಗಿಯೇ ಕಾಣುತ್ತದೆ. ಟಿಬಿ ಮಾತ್ರ ಕುತ್ತಿಗೆಯ ಗಂಟು, ಹೊಟ್ಟೆ, ಬೆನ್ನುಮೂಳೆ, ಮಿದುಳಿನ ಪೊರೆ ಎಂದು ಎಲ್ಲೆಲ್ಲೋ ಹರಡಿರುತ್ತದೆ. ಹೆಚ್ಚು ಕಾಯಿಲೆ ಇದ್ದವರಿಗೇ 'ಏನೂ ಇಲ್ಲ' ಎಂಬ ಚೀಟಿ ಸಿಗುತ್ತದೆ. ವೈದ್ಯರಿಗೆ ಎಚ್‌ಐವಿ ಇರುವುದು ಗೊತ್ತಿದ್ದರೆ ಆ ಚೀಟಿಯನ್ನು ಅವರು ನಂಬಿ ಕೂರುವುದಿಲ್ಲ, ಮುಂದೆ ಹುಡುಕುತ್ತಾರೆ. ಗೊತ್ತಿಲ್ಲದಿದ್ದರೆ ಕೆಮ್ಮಿನ ಸಿರಪ್ ಕೊಟ್ಟು ಕಳಿಸಬಹುದು. ಪೆಟ್ಟಿಗೆಯ ಚೀಟಿಗೆ ಉತ್ತರದ ಅರ್ಧ ಭಾಗ ಇಲ್ಲಿದೆ. ಅದೃಷ್ಟಕ್ಕೆ 2010ರ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ ಜೀನ್‌ಎಕ್ಸ್‌ಪರ್ಟ್ ಯಂತ್ರ, ನಮ್ಮ ಆಸ್ಪತ್ರೆಗಳಲ್ಲಿ ಸಿಬಿನಾಟ್ ಎನ್ನುವುದು, ಸುಮಾರು ಎರಡು ಗಂಟೆಯಲ್ಲಿ ಟಿಬಿ ಇದೆಯೇ, ರಿಫಾಂಪಿಸಿನ್ ಎಂಬ ಮುಖ್ಯ ಔಷಧಿ ನಾಟುತ್ತದೆಯೇ ಎರಡನ್ನೂ ಹೇಳುತ್ತದೆ. ಎಚ್‌ಐವಿ ಇರುವವರಿಗೆ ಮೊದಲ ಪರೀಕ್ಷೆಯೇ ಇದಾಗಬೇಕು ಎನ್ನುವುದು ಈ ಕಾರಣಕ್ಕೆ.

ಟುಗೇಲಾ ಫೆರಿಯಲ್ಲಿ ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಹಿಂದೆ ಟಿಬಿಯೇ ಬಂದಿರಲಿಲ್ಲ. ಅವರು ಮಾತ್ರೆ ಅರ್ಧಕ್ಕೆ ಬಿಟ್ಟು ಹಾಗಾದವರಲ್ಲ, ಬೇರೆಯವರಿಂದ ಅದೇ ಗಟ್ಟಿ ಟಿಬಿ ಹತ್ತಿಸಿಕೊಂಡವರು. ಎಲ್ಲಿ? ಮೂರರಲ್ಲಿ ಎರಡು ಭಾಗದಷ್ಟು ಜನ ಸ್ವಲ್ಪ ದಿನ ಮೊದಲು ಆಸ್ಪತ್ರೆಯಲ್ಲಿ ದಾಖಲಾಗಿದ್ದರು. ಎಚ್‌ಐವಿ ಇರುವವರನ್ನೂ ಕೆಮ್ಮುವವರನ್ನೂ ಒಂದೇ ವಾರ್ಡಿನಲ್ಲಿ ಮಲಗಿಸಿದರೆ ಗಾಳಿ ಎಲ್ಲರಿಗೂ ಒಂದೇ. ಸತ್ತವರಲ್ಲಿ ಆಸ್ಪತ್ರೆಯ ಸಿಬ್ಬಂದಿಯೂ ಇದ್ದರು.

ಗಾಳಿಯ ಬಗ್ಗೆ ಇನ್ನೊಂದು ಮಾತು, ನನಗೆ ತುಂಬ ಇಷ್ಟವಾದದ್ದು. ಪೆರು ದೇಶದ ಲಿಮಾ ನಗರದಲ್ಲಿ ಆಸ್ಪತ್ರೆಗಳ ಗಾಳಿಯನ್ನು ಅಳೆದು 2007ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಎತ್ತರದ ಸೂರು, ದೊಡ್ಡ ಕಿಟಕಿ ಇರುವ ಹಳೇ ಕಟ್ಟಡಗಳಲ್ಲಿ ಕಿಟಕಿ ತೆರೆದಿಟ್ಟರೆ ಯಂತ್ರದಿಂದ ಗಾಳಿ ಬಿಡುವ ಹೊಸ ವಾರ್ಡಿಗಿಂತ ಬಹಳ ಹೆಚ್ಚು ಗಾಳಿ ಆಡುತ್ತಿತ್ತು. ಹಳೇ ಸರ್ಕಾರಿ ಆಸ್ಪತ್ರೆ ಎಂದು ಮೂಗು ಮುರಿಯುವ ಮುಂಚೆ ಅದರ ಕಿಟಕಿ ನೋಡಬೇಕು. ನಮ್ಮ ಎರಡನೇ ಮಹಡಿಯ ತರಗತಿಗಳಲ್ಲಿ ಬಿಸಿಲಿಗೆ ಕಿಟಕಿ ಮುಚ್ಚಿ ಎಂಬತ್ತು ಜನ ಕೂರುವುದನ್ನೂ ಇಲ್ಲಿ ನೆನಪಿಸುತ್ತೇನೆ, ಸಂಬಂಧಪಟ್ಟವರ ಗಮನಕ್ಕೆ.

ಈಗ ಉತ್ತರದ ಉಳಿದ ಅರ್ಧ. ಟಿಬಿಗೆ ಆರು ತಿಂಗಳ ಔಷಧಿ, ಮೊದಲ ಎರಡು ತಿಂಗಳು ನಾಲ್ಕು ಬಗೆ, ಆಮೇಲೆ ಮೂರು ಬಗೆ. ಅದರಲ್ಲಿ ರಿಫಾಂಪಿಸಿನ್ ರಾಜನಿದ್ದಂತೆ. ಆದರೆ ಅದಕ್ಕೊಂದು ಗುಣ: ಯಕೃತ್ತನ್ನು ಚುರುಕು ಮಾಡಿ ಬೇರೆ ಔಷಧಿಗಳನ್ನು ಬೇಗ ಬೇಗ ಕರಗಿಸಿ ಹೊರಹಾಕಿಸುತ್ತದೆ. ಈಗ ಎಚ್‌ಐವಿಗೆ ಕೊಡುವ ಮುಖ್ಯ ಔಷಧಿ ಡೊಲುಟೆಗ್ರಾವಿರ್. ಅದನ್ನು ದಿನಕ್ಕೆ ಒಮ್ಮೆ ನುಂಗಿದರೆ ಸಾಕು. ಟಿಬಿಗೆ ರಿಫಾಂಪಿಸಿನ್ ನಡೆಯುತ್ತಿರುವಾಗ ಮಾತ್ರ ದಿನಕ್ಕೆ ಎರಡು ಸಲ ಬೇಕು, ಇಲ್ಲದಿದ್ದರೆ ರಕ್ತದಲ್ಲಿ ಅದರ ಪ್ರಮಾಣ ಇಳಿದು ಎಚ್‌ಐವಿ ತಲೆ ಎತ್ತುತ್ತದೆ. ಟಿಬಿ ವೈದ್ಯರಿಗೆ ಎಚ್‌ಐವಿ ಗೊತ್ತಿಲ್ಲ, ಎಚ್‌ಐವಿ ವೈದ್ಯರಿಗೆ ಟಿಬಿ ಗೊತ್ತಿಲ್ಲ ಎಂದುಕೊಳ್ಳಿ. ಇಬ್ಬರೂ ತಮ್ಮ ತಮ್ಮ ಕಡೆ ಸರಿಯಾಗಿಯೇ ಬರೆದುಕೊಟ್ಟಿರುತ್ತಾರೆ, ರೋಗಿ ಮಾತ್ರ ಸೋಲುತ್ತಾನೆ. ಪರಿಚಯದವರು ನೋಡುತ್ತಾರೆ ಎಂದು ಎಚ್‌ಐವಿ ಔಷಧಿಗೆ ಪಕ್ಕದ ಜಿಲ್ಲೆಗೆ ಹೋಗುವವರು, ಟಿಬಿಗೆ ತಮ್ಮೂರಲ್ಲೇ ತೋರಿಸುವವರು ಇದ್ದಾರೆ ಎಂದು ಆಪ್ತಸಮಾಲೋಚಕರು ಹೇಳಿದ್ದರು. ಆಗ ನನಗೆ ಅದರ ಅಪಾಯ ಹೊಳೆದಿರಲಿಲ್ಲ.

ಮುಚ್ಚಿಡುವುದು ನಮಗೆ ಹೊಸದಲ್ಲ. ನಮ್ಮ ಬಳಗದ ಒಬ್ಬ ಆಪಾಗೆ ಟಿಬಿ ಬಂದಿತ್ತು. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಮನೆಗೆ ಬಂದವರಿಗೆಲ್ಲ ಟೈಫಾಯ್ಡ್ ಎಂದು ಹೇಳುತ್ತಿದ್ದರು, ರಿಶ್ತಾ ತಪ್ಪಿಹೋದೀತು ಎಂಬ ಭಯ. ರಿಫಾಂಪಿಸಿನ್ ನುಂಗಿದರೆ ಮೂತ್ರ, ಬೆವರು, ಕಣ್ಣೀರು ಕೂಡ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಅದರಿಂದ ಕೇಡಿಲ್ಲ, ಆದರೆ ಹೇಳದಿದ್ದರೆ ರಕ್ತವೆಂದು ಹೆದರಿ ಮಾತ್ರೆ ಬಿಡುವವರಿದ್ದಾರೆ. ಆಪಾ ಅದನ್ನು ಸಹಿಸಿಕೊಂಡರು. ಖಾಲಾ ಸಹಿಸದೆ ಅತ್ತದ್ದು ಎಚ್‌ಐವಿ ಪರೀಕ್ಷೆಯ ಫಾರಂ ನೋಡಿದ ದಿನ. "ಮೇರಿ ಬಚ್ಚಿ ಕೋ ಯೇ ಕ್ಯೂಂ?" ಎಂದರಂತೆ. ಪರೀಕ್ಷೆಯಲ್ಲಿ ನೆಗೆಟಿವ್ ಬಂತು, ನಮ್ಮ ದೇಶದಲ್ಲಿ ಟಿಬಿ ರೋಗಿಗಳಲ್ಲಿ ಬಹುಪಾಲು ಜನರಿಗೆ ಬರುವಂತೆ. ಪಾಸಿಟಿವ್ ಬಂದಿದ್ದರೂ ಅದು ಯಾರ ಚಾರಿತ್ರ್ಯದ ಸರ್ಟಿಫಿಕೇಟೂ ಅಲ್ಲ. ಗಂಡನಿಂದ ಹೆಂಡತಿಗೆ, ತಾಯಿಯಿಂದ ಹುಟ್ಟುವ ಮಗುವಿಗೆ, ಸೋಂಕಿನ ಸೂಜಿಯಿಂದ ಯಾರಿಗೂ ಅದು ಬರಬಹುದು. ಜೊತೆಗೆ ಕೂತು ಉಂಡರೆ, ಕೆಮ್ಮಿದರೆ ಎಚ್‌ಐವಿ ಬರುವುದಿಲ್ಲ.

ಔಷಧಿ ಶುರುವಾದ ಮೇಲೂ ಒಂದು ಗಂಡಾಂತರವಿದೆ. ಎಚ್‌ಐವಿ ಔಷಧಿಯಿಂದ ದೇಹಕ್ಕೆ ಶಕ್ತಿ ಮರಳುತ್ತಿದ್ದಂತೆ, ಅದು ಒಳಗಿರುವ ಟಿಬಿಯನ್ನು ಆಗಷ್ಟೇ ಕಂಡಂತೆ ಮೇಲೆ ಬೀಳುತ್ತದೆ. ಜ್ವರ ಏರುತ್ತದೆ, ಗಂಟುಗಳು ಊದಿಕೊಳ್ಳುತ್ತವೆ. ಔಷಧಿಯಿಂದಲೇ ಹಾಳಾದೆ ಎಂದು ಮನೆಯವರು ಮಾತ್ರೆ ನಿಲ್ಲಿಸುವುದು ಇಲ್ಲೇ. ಹಾಗಾದರೆ ಎರಡನೇ ಔಷಧಿಯನ್ನು ತಡವಾಗಿ ಶುರುಮಾಡಿದರೆ ಒಳ್ಳೆಯದೇ? ವೈದ್ಯರಿಗೂ ಬಹಳ ಕಾಲ ಈ ಅನುಮಾನವಿತ್ತು. ಕಾಂಬೋಡಿಯಾದಲ್ಲಿ ಸಿಡಿ4 ತೀರಾ ಇಳಿದಿದ್ದ 661 ರೋಗಿಗಳನ್ನು ಎರಡು ಗುಂಪು ಮಾಡಿ ನೋಡಿದರು. ಟಿಬಿ ಔಷಧಿ ಶುರುವಾಗಿ ಎರಡು ವಾರಕ್ಕೇ ಎಚ್‌ಐವಿ ಔಷಧಿ ಕೊಟ್ಟ 332 ಜನರಲ್ಲಿ 59 ಜನ ಸತ್ತರು. ಎಂಟು ವಾರ ಕಾಯ್ದ 329 ಜನರಲ್ಲಿ 90. ಊತ, ಜ್ವರ ಬೇಗ ಶುರುಮಾಡಿದವರಲ್ಲೇ ಹೆಚ್ಚು ಕಂಡಿತು, ಆದರೂ ಬದುಕಿದವರೂ ಅವರಲ್ಲೇ ಹೆಚ್ಚು. 2011ರಲ್ಲಿ ಇದು ಪ್ರಕಟವಾಯಿತು. ಈಗ ಎರಡು ವಾರದೊಳಗೆ ಶುರುಮಾಡುವುದೇ ನಿಯಮ, ಮಿದುಳಿನ ಪೊರೆಯ ಟಿಬಿ ಒಂದನ್ನು ಬಿಟ್ಟು.

ಎರಡು ರಿಜಿಸ್ಟರ್ ಬಂದದ್ದು ಹೇಗೆ ಎಂದರೆ ಅದು ಇತಿಹಾಸ. ನಮ್ಮ ದೇಶದ ಟಿಬಿ ಕಾರ್ಯಕ್ರಮ 1962ರದು, ಅದರ ರೂಪುರೇಷೆ ತಯಾರಾದದ್ದು ನಮ್ಮ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಲ್ಲಿ. ಎಚ್‌ಐವಿಗೆ ನಾಕೋ ಎಂಬ ಸಂಸ್ಥೆ ಬಂದದ್ದು 1992ರಲ್ಲಿ. ಮೂವತ್ತು ವರ್ಷ ಅಂತರದ ಎರಡು ಇಲಾಖೆ, ಎರಡು ಕೌಂಟರ್, ಎರಡು ಪುಸ್ತಕ. ಡಬಲ್ ಎಂಟ್ರಿಯಲ್ಲಿ ಒಂದು ಖಾತೆಯಲ್ಲಿ ಬರೆದದ್ದು ಇನ್ನೊಂದರಲ್ಲಿ ಬರದಿದ್ದರೆ ಟ್ರಯಲ್ ಬ್ಯಾಲೆನ್ಸ್ ಕೂಡುವುದಿಲ್ಲ, ತಪ್ಪು ಗೊತ್ತಾಗುತ್ತದೆ. ಇಲ್ಲಿ ಕೂಡದಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಈಗ ಇದು ಬದಲಾಗಿದೆ. ಟಿಬಿ ಕಡೆಯವರು ಎಚ್‌ಐವಿ ಪರೀಕ್ಷೆಗೆ ಕಳಿಸುತ್ತಾರೆ. ಎಆರ್‌ಟಿ ಕೇಂದ್ರದವರು ಪ್ರತಿ ಸಲವೂ ಕೆಮ್ಮು, ಜ್ವರ, ತೂಕ ಇಳಿಯುವುದು, ರಾತ್ರಿ ಬೆವರು ಈ ನಾಲ್ಕನ್ನು ಕೇಳುತ್ತಾರೆ. ಉಳಿದವರಿಗೆ ಎರಡು ವಾರದ ಕೆಮ್ಮು ಎಂಬ ಲೆಕ್ಕ, ಎಚ್‌ಐವಿ ಇರುವವರಿಗೆ ಎಷ್ಟೇ ದಿನದ ಕೆಮ್ಮಾದರೂ ಲೆಕ್ಕಕ್ಕೆ ಬರುತ್ತದೆ. ಎರಡೂ ಇದ್ದವರಿಗೆ ಎರಡೂ ಔಷಧಿ ಎಆರ್‌ಟಿ ಕೇಂದ್ರದ ಒಂದೇ ಕಿಟಕಿಯಲ್ಲಿ.

ಒಂದೇ ಕಿಟಕಿ ಎಂಬುದು ಸಣ್ಣ ವಿಷಯ ಅನ್ನಿಸಬಹುದು. ದಿನಕ್ಕೆ 500 ರೂಪಾಯಿ ಕೂಲಿಯವರು ತಿಂಗಳಿಗೆ ಎರಡು ದಿನ ಎರಡು ಆಸ್ಪತ್ರೆಗೆ ಅಲೆದರೆ ಸಾವಿರ ರೂಪಾಯಿ ಹೋಯಿತು. ಟಿಬಿ ರೋಗಿಯ ಪೌಷ್ಟಿಕ ಆಹಾರಕ್ಕೆ ಸರ್ಕಾರ ಬ್ಯಾಂಕ್ ಖಾತೆಗೆ ಹಾಕುವುದೂ ತಿಂಗಳಿಗೆ ಸಾವಿರವೇ. 2018ರಿಂದ 500 ಇತ್ತು, 2024ರ ನವೆಂಬರ್‌ನಿಂದ 1000 ಆಗಿದೆ. ಶಕ್ತಿ ಯೋಜನೆಯಿಂದ ಹೆಂಗಸರಿಗೆ ಬಸ್ ಚಾರ್ಜ್ ಉಳಿಯುತ್ತದೆ, ಕೂಲಿ ಉಳಿಯುವುದಿಲ್ಲ. ಔಷಧಿ ಉಚಿತ ಎಂದಾಕ್ಷಣ ಚಿಕಿತ್ಸೆ ಉಚಿತ ಎಂದು ಲೆಕ್ಕ ಬರೆಯುವಂತಿಲ್ಲ.

ನಮ್ಮ ಮನೆಗಳಲ್ಲಿ ರಂಜಾನ್ ಬಂದಾಗ ಇನ್ನೊಂದು ಪ್ರಶ್ನೆ ಏಳುತ್ತದೆ. ಟಿಬಿ ಮಾತ್ರೆ ನಡೆಯುತ್ತಿರುವಾಗ ರೋಜಾ ಇಡಬಹುದೇ? ರೋಗಿಗಳಿಗೆ ವಿನಾಯಿತಿ ಕುರ್‌ಆನ್‌ನಲ್ಲೇ ಇದೆ, ಗುಣವಾದ ಮೇಲೆ ಪೂರೈಸಬಹುದು. ಯಾರಾದರೂ ಇಡಲೇಬೇಕೆಂದರೆ ಮೊದಲು ವೈದ್ಯರನ್ನು ಕೇಳಬೇಕು, ತಾವಾಗಿಯೇ ಡೋಸ್ ಬಿಡಬಾರದು. ಬಿಟ್ಟ ಡೋಸ್‌ಗಳಿಂದಲೇ ಔಷಧಿಗೆ ಬಗ್ಗದ ಟಿಬಿ ಹುಟ್ಟುತ್ತದೆ.

ಅಂಥ ಟಿಬಿಯೂ ಈಗ ಮೊದಲಿನಂತೆ ಮರಣದಂಡನೆಯಲ್ಲ. ದಕ್ಷಿಣ ಆಫ್ರಿಕಾದಲ್ಲೇ 109 ರೋಗಿಗಳಿಗೆ ಬೆಡಾಕ್ವಿಲಿನ್ ಸೇರಿದಂತೆ ಮೂರು ಔಷಧಿಗಳನ್ನು ಸುಮಾರು ಆರು ತಿಂಗಳು ಕೊಟ್ಟು ನೋಡಿದರು. ಅವರಲ್ಲಿ ಅರ್ಧದಷ್ಟು ಜನಕ್ಕೆ ಎಚ್‌ಐವಿ ಇತ್ತು. 98 ಜನ ಗೆದ್ದರು. ಅದು ಪ್ರಕಟವಾದದ್ದು 2020ರಲ್ಲಿ, 53ರಲ್ಲಿ 52 ಜನ ಸತ್ತ ಸುದ್ದಿ ಬಂದ 14 ವರ್ಷಕ್ಕೆ. ಇದೇ ಬಗೆಯ ಚಿಕಿತ್ಸೆಗೆ ನಾಲ್ಕನೇ ಔಷಧಿಯೊಂದನ್ನು ಸೇರಿಸಿ ನಮ್ಮ ದೇಶವೂ 2024ರಲ್ಲಿ ಒಪ್ಪಿಗೆ ಕೊಟ್ಟಿದೆ. ಟಿಬಿ ಬರುವ ಮುಂಚೆಯೇ ತಡೆಯುವ ಮಾತ್ರೆಯೂ ಇದೆ: ಎಚ್‌ಐವಿ ಇದ್ದು ಟಿಬಿ ಇಲ್ಲದವರಿಗೆ ಆರು ತಿಂಗಳು ದಿನವೂ ಒಂದು ಬಗೆಯ ಮಾತ್ರೆ, ಅಥವಾ ವಾರಕ್ಕೊಮ್ಮೆಯಂತೆ ಹನ್ನೆರಡು ವಾರ ಇನ್ನೊಂದು ಬಗೆ.

ಪರೀಕ್ಷೆಗೆ ಹೆದರುವವರಿಗೆ ಎರಡು ಮಾಹಿತಿ. ಎಚ್‌ಐವಿ ಪರೀಕ್ಷೆಗೆ ನಿಮ್ಮ ಒಪ್ಪಿಗೆ ಬೇಕು, ಫಲಿತಾಂಶವನ್ನು ಬೇರೆಯವರಿಗೆ ಹೇಳುವಂತಿಲ್ಲ, ಅದರ ಕಾರಣಕ್ಕೆ ಕೆಲಸದಿಂದಾಗಲೀ ಕಾಲೇಜಿನಿಂದಾಗಲೀ ತೆಗೆಯುವಂತಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಇದನ್ನು ಹೇಳುತ್ತದೆ, 2018ರ ಸೆಪ್ಟೆಂಬರ್ 10ರಿಂದ ಅದು ಜಾರಿಯಲ್ಲಿದೆ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೊಠಡಿಯಲ್ಲಿ ಪರೀಕ್ಷೆಗೆ ದುಡ್ಡಿಲ್ಲ. ಹೋಗುವ ಮುಂಚೆ ಯಾರನ್ನಾದರೂ ಕೇಳಬೇಕೆನಿಸಿದರೆ 1097ಕ್ಕೆ ಕರೆ ಮಾಡಬಹುದು, ಆ ಕರೆಗೂ ದುಡ್ಡಿಲ್ಲ.